ಅಲಂಕಾರಿಕ ಶಿಲ್ಪಕ್ಕೆ ಜಿಪ್ಸಂ ಪುಡಿ: ಕಲ್ಲು ಆರಿಸುವುದರಿಂದ ಅರೆದು, ಜರಡಿ ಹಿಡಿದು, ಹುರಿಯುವವರೆಗೆ

ಜಿಪ್ಸಂ ಮೆದು ಕಲ್ಲು. ಉಗುರಿನಿಂದ ಗೀರಿದರೂ ಗೆರೆ ಬೀಳುತ್ತದೆ. ಇಷ್ಟು ಮೆದುವಾದದ್ದನ್ನು ಪುಡಿ ಮಾಡುವುದೇನು ಮಹಾ ಎಂದು ಕೈಹಾಕಿದವರು ಎರಡು ಕಡೆ ಎಡವುತ್ತಾರೆ. ಕಲ್ಲನ್ನು ಅರೆದು, ನೀರು ಕಲಸಿ, ಅಚ್ಚಿಗೆ ಸುರಿದು ಗಟ್ಟಿಯಾಗಲಿ ಎಂದು ಕಾಯುತ್ತಾರೆ. ಮರುದಿನ ನೋಡಿದರೂ ಅದು ಕೆಸರಾಗಿಯೇ ಇರುತ್ತದೆ. ಇಲ್ಲವೇ ಇನ್ನಷ್ಟು ನುಣ್ಣಗಾಗಲಿ ಎಂದು ಮಿಲ್ಲನ್ನು ಬಿಡುವಿಲ್ಲದೆ ಓಡಿಸುತ್ತಾರೆ. ಮುಚ್ಚಳ ತೆಗೆದಾಗ ಪುಡಿ ಜಾಡಿಯ ಗೋಡೆಗೆ ಹಲಗೆಯಂತೆ ಅಂಟಿಕೊಂಡಿರುತ್ತದೆ. ಎರಡಕ್ಕೂ ಕಾರಣ ಒಂದೇ: ಕಲ್ಲಿನೊಳಗಿನ ನೀರು.

ಶುದ್ಧ ಜಿಪ್ಸಂನ ತೂಕದಲ್ಲಿ ಶೇ 20.9 ಭಾಗ ನೀರು. ಅಂದರೆ 1 ಕಿಲೋ ಕಲ್ಲಿನಲ್ಲಿ 209 ಗ್ರಾಂ. ಇದು ಮಳೆಯಲ್ಲಿ ನೆಂದು ಬಂದ ತೇವವಲ್ಲ, ಹರಳಿನ ರಚನೆಯಲ್ಲೇ ಸೇರಿಕೊಂಡಿರುವ ನೀರು. ಬಿಸಿಲಿಗೆ ಎಷ್ಟು ಹೊತ್ತು ಹರಡಿದರೂ ಹೋಗುವುದಿಲ್ಲ. ಈ ನೀರಿನ ಮುಕ್ಕಾಲು ಪಾಲನ್ನು ಶಾಖ ಕೊಟ್ಟು ಓಡಿಸಿದರೆ ಸಿಗುವುದೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಅದಕ್ಕೆ ಮತ್ತೆ ನೀರು ಕೊಟ್ಟಾಗ ಹರಳುಗಳು ಹೊಸದಾಗಿ ಬೆಳೆದು, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಹಸಿ, ಅಂದರೆ ಹುರಿಯದ, ಜಿಪ್ಸಂ ಪುಡಿಗೆ ನೀರಿನ ಹಸಿವೇ ಇಲ್ಲ. ಹಾಗಾಗಿ ಅದು ಎಷ್ಟು ನುಣುಪಾಗಿದ್ದರೂ ಬಿಗಿಯುವುದಿಲ್ಲ. ಇನ್ನು ಅರೆಯುವಾಗ ಹುಟ್ಟುವ ಶಾಖ ನಿಮಗೆ ಗೊತ್ತಿಲ್ಲದಂತೆ ಇದೇ ನೀರನ್ನು ಅಲ್ಲಲ್ಲಿ ಬಿಡಿಸಿದರೆ ಜಾಡಿಯಲ್ಲಿ ಗಂಟು ಕಟ್ಟುತ್ತದೆ. ಮುಂದೆ ಹೇಳುವ ಪ್ರತಿಯೊಂದು ಹಂತವೂ ಆ ನೀರನ್ನು ಯಾವಾಗ ಉಳಿಸಿಕೊಳ್ಳಬೇಕು, ಯಾವಾಗ ಬಿಡಿಸಬೇಕು ಎಂಬ ಲೆಕ್ಕವೇ.

ಯಾವ ಕೆಲಸಕ್ಕೆ ಎಷ್ಟು ನುಣುಪು

ಮಿಲ್ ಶುರು ಮಾಡುವ ಮೊದಲೇ ಇದನ್ನು ನಿರ್ಧರಿಸಿ. ಜರಡಿಯ ಲೆಕ್ಕದಲ್ಲಿ 60 ಮೆಷ್ ಎಂದರೆ 250 ಮೈಕ್ರಾನ್ ಕಿಂಡಿ, 100 ಮೆಷ್ 150 ಮೈಕ್ರಾನ್, 200 ಮೆಷ್ 75 ಮೈಕ್ರಾನ್, 325 ಮೆಷ್ 45 ಮೈಕ್ರಾನ್.

ಹುರಿದು ಪ್ಲಾಸ್ಟರ್ ಮಾಡಲು ಹಸಿ ಪುಡಿ 100 ಮೆಷ್ ಜರಡಿಯಲ್ಲಿ ಇಳಿದರೆ ಸಾಕು. ಅದಕ್ಕಿಂತ ದಪ್ಪನಾದರೆ ಕಣದ ಹೊರಮೈ ಹುರಿದು ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಉಬ್ಬುಶಿಲ್ಪ, ಕಂಬದ ಬೋದಿಗೆ, ಚಾವಣಿಯ ಹೂಬಳ್ಳಿಯಂಥ ಎರಕದ ಒಳಭಾಗಕ್ಕೆ 100 ಮೆಷ್ ಪ್ಲಾಸ್ಟರ್ ಚೆನ್ನಾಗಿ ಒದಗುತ್ತದೆ. ಕಣ್ಣಿಗೆ ಕಾಣುವ ಮೇಲ್ಪದರಕ್ಕೆ, ಅಂದರೆ ಎಲೆಯ ನರ, ಬಟ್ಟೆಯ ಮಡಿಕೆ, ಬೆರಳಿನ ಗೆರೆ ಮೂಡಬೇಕಾದ ಕಡೆ, 200 ಮೆಷ್ ಬೇಕು. ಮರದ ಮೇಲೆ ಅಂಟಿನೊಂದಿಗೆ ಬಳಿಯುವ ಬಿಳಿ ಅಸ್ತರಿಗೆ ಮತ್ತು ಕುಂಚದಿಂದ ಉಬ್ಬಿಸುವ ಅಲಂಕಾರಕ್ಕೆ 325 ಮೆಷ್ ಅಥವಾ ಅದಕ್ಕೂ ನುಣುಪು.

ನುಣುಪು ಹೆಚ್ಚಿದಷ್ಟೂ ಒಳ್ಳೆಯದು ಎಂದು ತಿಳಿಯಬೇಡಿ. ಹುರಿದ ಪ್ಲಾಸ್ಟರ್ ನುಣುಪಾದಷ್ಟೂ ಕಲಸಲು ಹೆಚ್ಚು ನೀರು ಬೇಡುತ್ತದೆ, ಬೇಗ ಬಿಗಿಯುತ್ತದೆ. ಹೆಚ್ಚಾಗಿ ಕೊಟ್ಟ ನೀರು ಆಮೇಲೆ ಆರಿಹೋಗಿ ಒಳಗೆ ಸೂಕ್ಷ್ಮ ರಂಧ್ರ ಬಿಡುತ್ತದೆ, ಶಿಲ್ಪದ ಬಲ ತಗ್ಗುತ್ತದೆ. ಆದ್ದರಿಂದ ಇಡೀ ಎರಕವನ್ನು ಅತಿ ನುಣುಪಾದ ಪುಡಿಯಲ್ಲಿ ಮಾಡುವುದು ಶ್ರಮವನ್ನೂ ಬಲವನ್ನೂ ಕಳೆದುಕೊಂಡಂತೆ. 3ರಿಂದ 5 ಮಿ.ಮೀ. ದಪ್ಪದ ನುಣುಪು ಮೇಲ್ಪದರ, ಅದರ ಬೆನ್ನಿಗೆ ಸೆಣಬಿನ ನಾರು ಸೇರಿಸಿದ ಸಾಧಾರಣ ಪ್ಲಾಸ್ಟರ್: ಇದೇ ಸರಿಯಾದ ಹಂಚಿಕೆ.

ಕಲ್ಲು ಆರಿಸುವುದು

ಜಿಪ್ಸಂ ಮೂರು ರೂಪದಲ್ಲಿ ಕೈಗೆ ಸಿಗುತ್ತದೆ. ಗಾಜಿನಂತೆ ಪಾರದರ್ಶಕವಾಗಿ ಹಾಳೆ ಹಾಳೆಯಾಗಿ ಬಿಡುವುದು ಸೆಲೆನೈಟ್. ರೇಷ್ಮೆಯಂತೆ ಎಳೆಎಳೆಯಾಗಿ ಹೊಳೆಯುವುದು ಸ್ಯಾಟಿನ್ ಸ್ಪಾರ್. ಸಣ್ಣ ಹರಳುಗಳ ಗಟ್ಟಿ ಬಿಳಿ ಗಡ್ಡೆ ಅಲಬಾಸ್ಟರ್. ಅರೆಯಲು ಅಲಬಾಸ್ಟರ್ ಜಾತಿಯದೇ ಅನುಕೂಲ. ಕುಟ್ಟಿದಾಗ ಎಲ್ಲ ದಿಕ್ಕಿಗೂ ಒಂದೇ ರೀತಿ ಒಡೆಯುತ್ತದೆ. ಸೆಲೆನೈಟ್ ತುಂಬ ಶುದ್ಧವಾಗಿರುತ್ತದೆ, ಆದರೆ ಮೊದಲ ಕುಟ್ಟಿನಲ್ಲಿ ಪುಡಿಯಾಗದೆ ಚಪ್ಪಟೆ ಚಕ್ಕೆಗಳಾಗುತ್ತದೆ. ಆ ಚಕ್ಕೆಗಳು ಜರಡಿಯ ಮೇಲೆ ಮಲಗಿ ಕಿಂಡಿ ಮುಚ್ಚುತ್ತವೆ. ಸ್ಯಾಟಿನ್ ಸ್ಪಾರ್ ಸೂಜಿಗಳಂತೆ ಸೀಳುತ್ತದೆ. ಸೂಜಿ ನೇರ ನಿಂತಾಗ ಜರಡಿಯಲ್ಲಿ ಇಳಿದುಬಿಡುವುದರಿಂದ ಜರಡಿ ಹೇಳುವ ಅಳತೆಗಿಂತ ಪುಡಿ ದಪ್ಪವಿರುತ್ತದೆ. ಇವೆರಡನ್ನು ಬಳಸುವುದಾದರೆ ಅರೆಯುವ ಹೊತ್ತು ಹೆಚ್ಚಿಸಿ.

ಗಡ್ಡೆಯನ್ನು ಒಡೆದು ಹೊಸ ಮುಖದ ಮೇಲೆ ಉಗುರು ಎಳೆಯಿರಿ. ಗೆರೆ ಬೀಳದಿದ್ದರೆ ಅದು ಅನ್‌ಹೈಡ್ರೈಟ್ (ಹರಳಿನ ನೀರಿಲ್ಲದ ಜಿಪ್ಸಂ ಜಾತಿಯ ಕಲ್ಲು) ಅಥವಾ ಸುಣ್ಣಕಲ್ಲು. ಜಿಪ್ಸಂನ ಗಡಸುತನ ಮೋಸ್ ಅಳತೆಯಲ್ಲಿ 2, ಇವೆರಡರದು 3 ಅಥವಾ ಅದಕ್ಕಿಂತ ಹೆಚ್ಚು. ಪುಡಿಯ ಮೇಲೆ ವಿನೆಗರ್ ಹನಿಸಿ. ನೊರೆಗುಳ್ಳೆ ಎದ್ದರೆ ಸುಣ್ಣಕಲ್ಲು ಬೆರೆತಿದೆ. ಹಳದಿ, ಕಂದು ಗೆರೆಗಳು ಕಬ್ಬಿಣ ಮತ್ತು ಜೇಡಿಯ ಗುರುತು. ಬಿಳಿ ಶಿಲ್ಪಕ್ಕೆ ಅಂಥ ಭಾಗವನ್ನು ಚಾಣದಿಂದ ತೆಗೆದುಹಾಕಿ. ಗಾಜನ್ನು ಗೀರುವ ಕಣ ಕಂಡರೆ ಅದು ಬೆಣಚುಕಲ್ಲು. ಆ ಗಡ್ಡೆಯನ್ನೇ ಬಿಟ್ಟುಬಿಡಿ, ಏಕೆಂದರೆ ಬೆಣಚುಕಲ್ಲಿನ ನುಣುಪು ಧೂಳು ಶ್ವಾಸಕೋಶಕ್ಕೆ ಸೇರಿದರೆ ಆಗುವ ಹಾನಿ ಮರಳಿ ಸರಿಯಾಗದು. ಉಪ್ಪು ಬೆರೆತ ಕಲ್ಲು ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಶಿಲ್ಪ ಒಣಗಿದ ಮೇಲೆ ಮೈಮೇಲೆ ಬಿಳಿ ಬೂಷ್ಟಿನಂತೆ ಉಪ್ಪು ಏಳುತ್ತದೆ. ಅನುಮಾನವಿದ್ದರೆ ಒಂದು ಚಿಕ್ಕ ಬಿಲ್ಲೆ ಎರೆದು ಒಣಗಿಸಿ ನೋಡಿ.

ಶುದ್ಧತೆಯನ್ನು ಅಂಕಿಯಲ್ಲಿ ತಿಳಿಯುವ ದಾರಿಯೂ ಇದೆ. 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿದ ಪುಡಿಯನ್ನು 50 ಗ್ರಾಂ ತೂಗಿ, ಬಾಗಿಲಿರುವ ಒಲೆಯಲ್ಲಿ (ಓವನ್) 230 ಡಿಗ್ರಿಯಲ್ಲಿ ಮತ್ತೆ ತೂಕ ನಿಲ್ಲುವವರೆಗೆ ಇಡಿ. ಇಳಿದ ತೂಕದ ಶೇಕಡಾವಾರನ್ನು 20.9ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶುದ್ಧತೆ. ಉದಾಹರಣೆಗೆ 50 ಗ್ರಾಂನಲ್ಲಿ 9.5 ಗ್ರಾಂ ಇಳಿದರೆ ಅದು ಶೇ 19. ಶುದ್ಧತೆ ಸುಮಾರು ಶೇ 91. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಹುರಿಯುವಾಗ ಬೇಕಾಗುತ್ತದೆ.

ತೊಳೆದು ಒಣಗಿಸುವುದು

ಮಣ್ಣು ಹತ್ತಿದ ಗಡ್ಡೆಗಳನ್ನು ಬ್ರಷ್‌ನಿಂದ ಉಜ್ಜಿ ಬೇಗ ತೊಳೆಯಿರಿ. ನೆನೆಹಾಕಬೇಡಿ, ಒಂದು ಲೀಟರ್ ನೀರಿನಲ್ಲಿ 2 ಗ್ರಾಂಗಿಂತ ಹೆಚ್ಚು ಜಿಪ್ಸಂ ಕರಗುತ್ತದೆ. ಆಮೇಲೆ ಗಾಳಿಯಲ್ಲಿ ಒಂದೆರಡು ದಿನ, ಅಥವಾ 40ರಿಂದ 45 ಡಿಗ್ರಿ ಒಲೆಯಲ್ಲಿ ಒಣಗಿಸಿ. ಬೇಗ ಒಣಗಲಿ ಎಂದು ಶಾಖ ಏರಿಸಿದರೆ ಹೊರಗಿನ ತೇವದ ಜೊತೆ ಹರಳಿನ ನೀರೂ ಹೊರಡಲು ಶುರುವಾಗುತ್ತದೆ. ಒಣಗಿತೇ ಎಂದು ಕೈಮುಟ್ಟಿ ಹೇಳುವುದು ಕಷ್ಟ. ಒಂದು ಗಂಟೆಯ ಅಂತರದಲ್ಲಿ ಎರಡು ಬಾರಿ ತೂಗಿ. ತೂಕ ಒಂದೇ ಬಂದರೆ ಒಣಗಿದೆ. ತೇವದ ಕಲ್ಲು ಮಿಲ್‌ಗೆ ಹೋದರೆ ಪುಡಿಯಾಗದು, ಮೆತ್ತಿಕೊಳ್ಳುತ್ತದೆ.

ಒಡೆಯುವುದು, ಕುಟ್ಟುವುದು

ಗಡ್ಡೆಯನ್ನು ದಪ್ಪ ಕ್ಯಾನ್ವಾಸ್ ಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಗೋಲಿ ಗಾತ್ರಕ್ಕೆ ಒಡೆಯಿರಿ. ಚೀಲವಿಲ್ಲದೆ ಹೊಡೆದರೆ ಚೂರು ಕಣ್ಣಿಗೆ ಸಿಡಿಯುತ್ತದೆ. ಅಲ್ಲಿಂದ ಮುಂದೆ ಕಲ್ಲಿನ ಒರಳಿನಲ್ಲಿ ಒನಕೆಯಿಂದ ಕುಟ್ಟಿ 3 ಮಿ.ಮೀ.ಗಿಂತ ಕಡಿಮೆ ಗಾತ್ರದ ತರಿ ಮಾಡಿಕೊಳ್ಳಿ. ಕಬ್ಬಿಣದ ಕುಟ್ಟಾಣಿ ಬೇಡ. ಕಬ್ಬಿಣದ ಸವೆತ ಪುಡಿಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ನೀರು ಕಲಸಿದ ಮೇಲೆ ತುಕ್ಕಿನ ಚುಕ್ಕೆಗಳಾಗಿ ಮೇಲೇಳುತ್ತದೆ. ಬೇರೆ ದಾರಿಯಿಲ್ಲದೆ ಕಬ್ಬಿಣ ಬಳಸಿದ್ದರೆ ತರಿಯನ್ನು ತೆಳುವಾಗಿ ಹರಡಿ, ಪ್ಲಾಸ್ಟಿಕ್ ಹಾಳೆ ಸುತ್ತಿದ ಅಯಸ್ಕಾಂತವನ್ನು ಮೂರು ನಾಲ್ಕು ಬಾರಿ ಮೇಲೆ ಎಳೆಯಿರಿ.

ಈ ಹಂತದಿಂದಲೇ ಧೂಳು ಶುರು. ಎನ್95 ಅಥವಾ ಅದಕ್ಕೆ ಸಮನಾದ ಮಾಸ್ಕ್, ಕಣ್ಣಿಗೆ ಮುಚ್ಚಿದ ಕನ್ನಡಕ ಹಾಕಿ. ಜಿಪ್ಸಂ ಧೂಳು ಉರಿಯುವ ಜಾತಿಯದಲ್ಲ, ಬೆಂಕಿಯ ಭಯವಿಲ್ಲ. ಆದರೆ ನೆಲವನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಅರೆಯುವುದು

ನೂರಿನ್ನೂರು ಗ್ರಾಂ ಬೇಕಾದರೆ ಪಿಂಗಾಣಿ ಕುಟ್ಟಾಣಿ ಸಾಕು. ಇಲ್ಲಿ ಕುಟ್ಟುವ ಕೆಲಸ ಮುಗಿಯಿತು. ಗುಂಡನ್ನು ಗೋಡೆಗೆ ಒತ್ತಿ ಸುತ್ತ ತಿರುಗಿಸುತ್ತ ಅರೆಯಬೇಕು. ಒಮ್ಮೆಗೆ ಎರಡು ಮೂರು ಚಮಚಕ್ಕಿಂತ ಹೆಚ್ಚು ಹಾಕಬೇಡಿ. ಪುಡಿ ಹೆಚ್ಚಾದರೆ ಗುಂಡು ಪುಡಿಯ ಮೇಲೆ ಜಾರುತ್ತದೆ, ಕಣ ಒಡೆಯುವುದಿಲ್ಲ. ಐದು ನಿಮಿಷಕ್ಕೊಮ್ಮೆ ಜರಡಿ ಹಿಡಿದು ಇಳಿದದ್ದನ್ನು ತೆಗೆದು ಉಳಿದದ್ದನ್ನಷ್ಟೇ ಮತ್ತೆ ಅರೆಯಿರಿ.

ಮನೆಯ ಮಿಕ್ಸರ್‌ನಲ್ಲೂ ಆಗುತ್ತದೆ, ಒಂದು ಷರತ್ತಿನ ಮೇಲೆ: ಆ ಜಾರ್ ಇನ್ನು ಈ ಕೆಲಸಕ್ಕೇ ಮೀಸಲು. ಕಾಲು ಭಾಗ ತುಂಬಿ, 10ರಿಂದ 15 ಸೆಕೆಂಡ್ ಓಡಿಸಿ, ಒಂದು ನಿಮಿಷ ಬಿಡಿ. ನಿಲ್ಲಿಸಿದ ಕೂಡಲೇ ಮುಚ್ಚಳ ತೆಗೆಯಬೇಡಿ, ಪುಡಿ ಹೊಗೆಯಂತೆ ಮೇಲೇಳುತ್ತದೆ. ಬ್ಲೇಡ್ ಕತ್ತರಿಸುತ್ತದೆಯೇ ಹೊರತು ಅರೆಯುವುದಿಲ್ಲ. 100 ಮೆಷ್‌ವರೆಗೆ ಮಿಕ್ಸರ್ ಒದಗುತ್ತದೆ, ಅದರಾಚೆಗೆ ಅದರಿಂದ ನುಣುಪು ಬಯಸುವುದು ವ್ಯರ್ಥ.

ಕಿಲೋಗಟ್ಟಲೆ ಬೇಕಾದವರಿಗೆ ಬಾಲ್ ಮಿಲ್, ಅಂದರೆ ಒಳಗೆ ಗುಂಡುಗಳನ್ನು ತುಂಬಿ ಮಲಗಿಸಿ ತಿರುಗಿಸುವ ಜಾಡಿ. ಇದರ ಲೆಕ್ಕವನ್ನು ಸರಿಯಾಗಿ ಹಾಕಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಒಳವ್ಯಾಸ 20 ಸೆಂ.ಮೀ. ಇರುವ 5 ಲೀಟರ್ ಪಿಂಗಾಣಿ ಜಾಡಿ ಎಂದಿಟ್ಟುಕೊಳ್ಳಿ. ಗುಂಡುಗಳು ಅಲ್ಯೂಮಿನಾದವು, ಉಕ್ಕಿನ ಗುಂಡು ಪುಡಿಗೆ ಬೂದು ಬಣ್ಣ ತರುತ್ತದೆ. 20 ಮಿ.ಮೀ. ಮತ್ತು 12 ಮಿ.ಮೀ. ಗುಂಡುಗಳನ್ನು ಬೆರೆಸಿ ಜಾಡಿಯ ಅರ್ಧದವರೆಗೆ ತುಂಬಿ, ಸುಮಾರು ಐದೂವರೆ ಕಿಲೋ ಹಿಡಿಯುತ್ತದೆ. ದೊಡ್ಡವು ತರಿಯನ್ನು ಒಡೆಯುತ್ತವೆ, ಚಿಕ್ಕವು ನುಣ್ಣಗೆ ಮಾಡುತ್ತವೆ. ಜಿಪ್ಸಂ ತರಿ ಸುಮಾರು 1 ಕಿಲೋ. ಗುಂಡುಗಳ ನಡುವಿನ ಸಂದುಗಳು ತುಂಬಿ, ಮೇಲೆ ತೆಳುವಾಗಿ ಮುಚ್ಚುವಷ್ಟು.

ವೇಗ ಹೆಚ್ಚಾದರೆ ಗುಂಡುಗಳು ಗೋಡೆಗೆ ಅಂಟಿಕೊಂಡು ಜಾಡಿಯ ಜೊತೆಯೇ ಸುತ್ತುತ್ತವೆ, ಅರೆಯುವ ಕೆಲಸವೇ ನಡೆಯುವುದಿಲ್ಲ. ಆ ಮಿತಿಯನ್ನು ಹೀಗೆ ಲೆಕ್ಕ ಹಾಕಿ: ಜಾಡಿಯ ಒಳವ್ಯಾಸದಿಂದ ಗುಂಡಿನ ವ್ಯಾಸ ಕಳೆದು, ಮೀಟರ್‌ನಲ್ಲಿ ಬರುವ ಆ ಅಂಕಿಯ ವರ್ಗಮೂಲದಿಂದ 42.3ನ್ನು ಭಾಗಿಸಿ. ನಮ್ಮ ಜಾಡಿಗೆ 0.20ರಿಂದ 0.02 ಕಳೆದರೆ 0.18, ಅದರ ವರ್ಗಮೂಲ 0.424, ಮಿತಿ ನಿಮಿಷಕ್ಕೆ ಸುಮಾರು 100 ಸುತ್ತು. ಇದರ ಶೇ 65ರಿಂದ 75, ಅಂದರೆ ನಿಮಿಷಕ್ಕೆ 65ರಿಂದ 75 ಸುತ್ತು ಓಡಿಸಿ. ಕಿವಿಗೊಟ್ಟು ಕೇಳಿದರೆ ಮಿಲ್ ತಾನೇ ಹೇಳುತ್ತದೆ. ಗುಂಡುಗಳು ಮೇಲೇರಿ ಧುಮುಕುವ ಒಂದೇ ಸಮನಾದ ದಡದಡ ಸದ್ದು ಸರಿಯಾದದ್ದು. ಕಣಕಣ ಎಂದು ಚೂಪಾಗಿ ಕೇಳಿದರೆ ಪುಡಿ ಕಡಿಮೆಯಾಗಿದೆ, ಗುಂಡುಗಳು ತಮ್ಮ ತಮ್ಮಲ್ಲೇ ಬಡಿದುಕೊಂಡು ಸವೆಯುತ್ತಿವೆ. ಸದ್ದು ಮಂಕಾಗಿ ಮೆತ್ತಗೆ ಕೇಳಿದರೆ ಪುಡಿ ಹೆಚ್ಚಾಗಿದೆ, ಇಲ್ಲವೇ ಗೋಡೆಗೆ ಮೆತ್ತಿಕೊಂಡಿದೆ. ಸದ್ದೇ ನಿಂತರೆ ವೇಗ ಮಿತಿ ಮೀರಿದೆ.

ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಜಾಡಿಯ ಹೊರಮೈ ಮುಟ್ಟಿ. ಕೈಗೆ ಬೆಚ್ಚಗಿದ್ದರೆ ಸರಿ. 45 ಡಿಗ್ರಿ ದಾಟಿ ಬಿಸಿ ಎನಿಸಿದರೆ ಆರುವವರೆಗೆ ಬಿಡಿ. ಸಿಮೆಂಟ್ ಕಾರ್ಖಾನೆಯಲ್ಲಿ ಕ್ಲಿಂಕರ್ (ಗೂಡಿನಲ್ಲಿ ಸುಟ್ಟ ಸಿಮೆಂಟಿನ ಗಡ್ಡೆ) ಜೊತೆ ಅರೆಯುವ ಜಿಪ್ಸಂ ಮಿಲ್ಲಿನ ಶಾಖಕ್ಕೆ ನೀರು ಬಿಟ್ಟರೆ, ಆ ಸಿಮೆಂಟು ಕಲಸಿದ ಕೂಡಲೇ ಸುಳ್ಳು ಬಿಗಿತ ತೋರಿಸುತ್ತದೆ. ಇಲ್ಲಿಯೂ ಆಗುವುದು ಅದೇ: ಬಿಟ್ಟ ನೀರು ಆವಿಯಾಗಿ ಜಾಡಿಯ ತಣ್ಣನೆಯ ಮುಚ್ಚಳಕ್ಕೆ ಬೆವರಿನಂತೆ ಕೂತು, ನೀರು ಕಳೆದುಕೊಂಡ ಪುಡಿಗೆ ಮರಳಿ ಸೇರಿ, ಅಲ್ಲಲ್ಲಿ ಗಾರೆಯಂತೆ ಬಿಗಿಯುತ್ತದೆ. ಗೋಡೆಯಲ್ಲಿ ಪದರ ಕಂಡರೆ ಅದನ್ನು ಕೆರೆದು ಬೇರೆ ಇಡಿ, ಒಳ್ಳೆಯ ಪುಡಿಗೆ ಬೆರೆಸಬೇಡಿ.

ಎಷ್ಟು ಹೊತ್ತು ಎಂಬುದನ್ನು ಗಡಿಯಾರಕ್ಕಿಂತ ಜರಡಿಯೇ ಸರಿಯಾಗಿ ಹೇಳುತ್ತದೆ. ಒಂದು ಗಂಟೆಯ ನಂತರ ಪ್ರತಿ ಅರ್ಧ ಗಂಟೆಗೆ 100 ಗ್ರಾಂ ತೆಗೆದು ಬೇಕಾದ ಜರಡಿಯಲ್ಲಿ ಹಿಡಿಯಿರಿ. ಮೇಲೆ 5 ಗ್ರಾಂಗಿಂತ ಕಡಿಮೆ ಉಳಿದರೆ ನಿಲ್ಲಿಸಿ. ಸತತ ಎರಡು ಪರೀಕ್ಷೆಯಲ್ಲಿ ಉಳಿಕೆ ಅಷ್ಟೇ ಇದ್ದರೆ ಮಿಲ್ಲು ಇನ್ನು ಕೆಲಸ ಮಾಡುತ್ತಿಲ್ಲ; ನುಣುಪು ಪುಡಿ ಉಳಿದ ತರಿಗೆ ಮೆತ್ತೆಯಾಗಿ ಕೂತಿದೆ. ಎಲ್ಲ ಹೊರತೆಗೆದು, ಜರಡಿ ಹಿಡಿದು, ತರಿಯನ್ನಷ್ಟೇ ಮುಂದಿನ ಕಂತಿನ ಜೊತೆ ಹಾಕಿ.

ಜರಡಿ ಹಿಡಿಯುವುದು

ದಪ್ಪ ಜರಡಿಯಿಂದ ನುಣುಪಿನ ಕಡೆಗೆ ಹೋಗಿ: 60, 100, 200. ನೇರವಾಗಿ 200ಕ್ಕೆ ಸುರಿದರೆ ಕಿಂಡಿ ಕಟ್ಟಿಕೊಂಡು ಬಲೆ ಹಿಗ್ಗುತ್ತದೆ. ಒಮ್ಮೆಗೆ 100 ಗ್ರಾಂ ಮೀರದಿರಲಿ. ಜರಡಿಯ ಅಂಚನ್ನು ಅಂಗೈಯಿಂದ ತಟ್ಟಿ. ಪುಡಿಯನ್ನು ಬೆರಳಿನಿಂದ ಒತ್ತಿ ಇಳಿಸಬೇಡಿ. ಒತ್ತಿದಲ್ಲಿ ಎಳೆ ಸರಿದು ದೊಡ್ಡ ಕಿಂಡಿಯಾದರೆ ಆ ಜರಡಿಯನ್ನು ಇನ್ನು ನಂಬುವಂತಿಲ್ಲ. ಕಿಂಡಿ ಕಟ್ಟಿದರೆ ಜರಡಿಯ ಕೆಳಗಿನಿಂದ ಮೆದು ಕುಂಚ ಆಡಿಸಿ. ಉಕ್ಕಿನ ಜರಡಿ ಇಲ್ಲದವರು ವಸ್ತ್ರಗಾಳಿತ ಮಾಡಬಹುದು. ಸ್ಕ್ರೀನ್ ಪ್ರಿಂಟಿಂಗ್‌ನ ನೈಲಾನ್ ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದರೆ ಒಳ್ಳೆಯ ಜರಡಿ ಆಗುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ನುಣುಪು ಜರಡಿ ಹಿಡಿಯುವುದು ತ್ರಾಸ. ಪುಡಿ ಗುಳಿಗೆ ಗುಳಿಗೆಯಾಗಿ ಉರುಳುತ್ತದೆ. 40 ಡಿಗ್ರಿಯಲ್ಲಿ ಅರ್ಧ ಗಂಟೆ ಬೆಚ್ಚಗೆ ಮಾಡಿ ಹಿಡಿದರೆ ಸರಾಗವಾಗಿ ಇಳಿಯುತ್ತದೆ.

ಇನ್ನೂ ನುಣುಪು ಬೇಕಾದರೆ ನೀರಿನಿಂದ ಬೇರ್ಪಡಿಸಿ

45 ಮೈಕ್ರಾನ್‌ಗಿಂತ ಕೆಳಗೆ ಜರಡಿಗಿಂತ ನೀರೇ ಒಳ್ಳೆಯ ಸಾಧನ. ಇದು ಹಸಿ ಪುಡಿಗೆ ಮಾತ್ರ. ಹುರಿದ ಪುಡಿ ನೀರಿನಲ್ಲಿ ಬಿಗಿದುಬಿಡುತ್ತದೆ. ಮೊದಲು ಒಂದು ಬಕೆಟ್ ನೀರಿಗೆ ಎರಡು ಹಿಡಿ ಜಿಪ್ಸಂ ಪುಡಿ ಹಾಕಿ, ಆಗಾಗ ಕಲಕುತ್ತ ಒಂದು ದಿನ ಬಿಟ್ಟು, ತಿಳಿಯನ್ನು ಬಸಿದುಕೊಳ್ಳಿ. ಈ ನೀರು ಈಗಾಗಲೇ ಜಿಪ್ಸಂ ಕುಡಿದು ತೃಪ್ತವಾಗಿರುವುದರಿಂದ ನಿಮ್ಮ ನುಣುಪು ಪುಡಿಯನ್ನು ಕರಗಿಸುವುದಿಲ್ಲ.

ಈ ತಿಳಿ ನೀರನ್ನು ನೇರ ಗೋಡೆಯ ಪಾತ್ರೆಯಲ್ಲಿ 15 ಸೆಂ.ಮೀ. ಎತ್ತರಕ್ಕೆ ತೆಗೆದುಕೊಂಡು, ಲೀಟರಿಗೆ 50 ಗ್ರಾಂ ಪುಡಿ ಹಾಕಿ ಚೆನ್ನಾಗಿ ಕಲಕಿ, ನಿಲ್ಲಿಸಿ. ಸುಮಾರು 25 ಡಿಗ್ರಿ ಬೆಚ್ಚಗಿನ ನೀರಿನಲ್ಲಿ 45 ಮೈಕ್ರಾನ್ ಕಣ 15 ಸೆಂ.ಮೀ. ಇಳಿಯಲು ಒಂದೂವರೆ ನಿಮಿಷ ಬೇಕು, 20 ಮೈಕ್ರಾನ್ ಕಣಕ್ಕೆ ಎಂಟು ನಿಮಿಷದಷ್ಟು. ಒಂದೂವರೆ ನಿಮಿಷಕ್ಕೆ ಮೇಲಿನ ಹಾಲಿನಂಥ ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿದರೆ 45 ಮೈಕ್ರಾನ್‌ಗಿಂತ ದಪ್ಪನಾದದ್ದು ತಳದಲ್ಲಿ ಉಳಿಯುತ್ತದೆ. ತಳದಲ್ಲೂ ನುಣುಪು ಪುಡಿ ಸಿಕ್ಕಿಕೊಂಡಿರುತ್ತದೆ. ಮತ್ತೆ ತಿಳಿ ನೀರು ಹಾಕಿ ಎರಡು ಮೂರು ಬಾರಿ ಹೀಗೇ ಮಾಡಿ. ಬಗ್ಗಿಸಿಕೊಂಡದ್ದನ್ನು ರಾತ್ರಿಯಿಡೀ ಬಿಟ್ಟು, ನೀರು ಬಸಿದು, 45 ಡಿಗ್ರಿ ಒಳಗೆ ಒಣಗಿಸಿ, ಕೈಯಿಂದ ಪುಡಿಗಟ್ಟಿ.

ಅಸ್ತರಿಗೆ ಇದಕ್ಕೂ ಮೇಲಾದ ಒಂದು ಹಳೆಯ ಉಪಾಯವಿದೆ. ಇಟಲಿಯ ಹಲಗೆಚಿತ್ರದ ಕುಶಲಕರ್ಮಿಗಳು ಜೆಸ್ಸೊ ಸೊತ್ತಿಲೆ ಎಂದು ಕರೆಯುತ್ತಿದ್ದ ಪುಡಿ ಅರೆದು ಮಾಡಿದ್ದಲ್ಲ. ಹುರಿದ ಪ್ಲಾಸ್ಟರನ್ನು ಅದರ ಹತ್ತು ಪಟ್ಟಿಗಿಂತ ಹೆಚ್ಚು ನೀರಿಗೆ ಉದುರಿಸಿ, ಬಿಗಿಯಲು ಬಿಡದೆ ಕಲಕುತ್ತಲೇ ಇದ್ದು, ಆಮೇಲೆ ವಾರಗಟ್ಟಲೆ ದಿನಾ ಕಲಕಿ ಸೋಸಿದ್ದು. ಹರಳುಗಳು ಹೆಣೆದುಕೊಳ್ಳಲು ಅವಕಾಶ ಸಿಗದೆ ಬಿಡಿಬಿಡಿಯಾಗಿ, ತುಂಬ ಸಣ್ಣದಾಗಿ ಹುಟ್ಟುತ್ತವೆ. ಮೊದಲ ಒಂದು ಗಂಟೆ ಕೈ ಬಿಡಬಾರದು. ಆ ಹೊತ್ತಿನಲ್ಲಿ ಬಿಟ್ಟರೆ ತಳದಲ್ಲಿ ಬಿಲ್ಲೆ ಕಟ್ಟುತ್ತದೆ. ಬೆರಳುಗಳ ನಡುವೆ ತಿಕ್ಕಿದರೆ ಕಣದ ಸುಳಿವೇ ಸಿಗದಷ್ಟು ನುಣುಪು, ಬೆಣ್ಣೆಯಂಥ ಜಾರು. ಎಷ್ಟು ಹೊತ್ತು ಅರೆದರೂ ಮಿಲ್‌ನಿಂದ ಆ ಗುಣ ಬರದು.

ಹುರಿಯುವುದು

ಎರಕಕ್ಕಾದರೆ ಪುಡಿಯನ್ನು ಹುರಿಯಲೇಬೇಕು. ಸ್ಟೀಲ್ ತಟ್ಟೆಯಲ್ಲಿ 2 ಸೆಂ.ಮೀ. ದಪ್ಪ ಹರಡಿ, ಒಲೆಯನ್ನು 150ರಿಂದ 160 ಡಿಗ್ರಿಗೆ ಇಡಿ. ಒಲೆಯ ಗುಂಡಿ ತೋರಿಸುವ ಅಂಕಿಯನ್ನು ನಂಬದೆ ತಾಪಮಾಪಕದ ತುದಿಯನ್ನು ಪುಡಿಯೊಳಗೇ ಚುಚ್ಚಿ. ಆವಿ ಹೊರಹೋಗಲು ಒಲೆಯ ಬಾಗಿಲು ಬೆರಳಗಲ ತೆರೆದಿರಲಿ. ಕಾಲು ಗಂಟೆಗೊಮ್ಮೆ ತಳದಿಂದ ಕೆದಕಿ.

ಪುಡಿಯ ಶಾಖ ನೂರು ದಾಟಿದ ಮೇಲೆ ಬಹಳ ಹೊತ್ತು ಏರದೆ ನಿಲ್ಲುತ್ತದೆ. ಕೊಟ್ಟ ಶಾಖವೆಲ್ಲ ನೀರನ್ನು ಬಿಡಿಸಲು ಖರ್ಚಾಗುವ ಹೊತ್ತು ಅದು. ಆಗ ಸೌಟು ಹಾಕಿದರೆ ಪುಡಿ ಗಟ್ಟಿ ವಸ್ತುವಿನಂತೆ ನಡೆದುಕೊಳ್ಳುವುದಿಲ್ಲ. ಆವಿ ಅದನ್ನು ಎತ್ತಿ ಹಿಡಿದಿರುವುದರಿಂದ ದ್ರವದಂತೆ ಅಲೆಯಾಡುತ್ತದೆ, ಅಲ್ಲಲ್ಲಿ ಚಿಕ್ಕ ಕುಳಿಗಳು ಬಾಯಿ ತೆರೆದು ಪುಸ್ಸೆಂದು ಪುಡಿ ಚಿಮ್ಮುತ್ತವೆ. ಮುಖವನ್ನು ಹತ್ತಿರ ಒಯ್ಯಬೇಡಿ. ಕುದಿತ ನಿಂತು, ಪುಡಿ ತಗ್ಗಿ ಕೂತು, ಶಾಖ ಮತ್ತೆ ಏರಲು ಶುರುವಾದರೆ ಮುಗಿಯುತ್ತ ಬಂದಿದೆ. ತಣ್ಣನೆಯ ಗಾಜಿನ ತುಂಡನ್ನು ಮೇಲೆ ಹಿಡಿಯಿರಿ. ಮಂಜು ಕಟ್ಟದಿದ್ದರೆ ತೆಗೆಯಿರಿ.

ಖಚಿತ ಪರೀಕ್ಷೆ ತೂಕದ್ದು. ಶುದ್ಧ ಜಿಪ್ಸಂ 1 ಕಿಲೋ ಹುರಿದಾಗ 157 ಗ್ರಾಂ ಇಳಿದು 843 ಗ್ರಾಂ ಉಳಿಯಬೇಕು. ಶೇ 91 ಶುದ್ಧವಾದರೆ ಇಳಿಯಬೇಕಾದದ್ದು ಸುಮಾರು 143 ಗ್ರಾಂ. ಅದಕ್ಕಿಂತ ಕಡಿಮೆ ಇಳಿದಿದ್ದರೆ ಹಸಿ ಉಳಿದಿದೆ. ಉಳಿದ ಹಸಿ ಕಣಗಳು ಬೀಜದಂತೆ ವರ್ತಿಸಿ, ನೀರು ಕಲಸಿದ ಎರಡು ಮೂರು ನಿಮಿಷಕ್ಕೇ ಬಿಗಿಯುವಂತೆ ಮಾಡುತ್ತವೆ, ಆ ಬಿಗಿತವೂ ದುರ್ಬಲ. ಹೆಚ್ಚು ಇಳಿದಿದ್ದರೆ ಉಳಿಯಬೇಕಾದ ಕಾಲು ಪಾಲು ನೀರೂ ಹೋಗುತ್ತಿದೆ. ಸ್ವಲ್ಪ ಮೀರಿದ್ದಾದರೆ ಗಾಳಿಯ ತೇವ ಹೀರಿ ಸರಿಹೋಗುತ್ತದೆ. ಆದರೆ ನಾನೂರು ಡಿಗ್ರಿಯ ಹತ್ತಿರಕ್ಕೆ ಕಾಸಿದ ಪುಡಿ ಸತ್ತಂತೆಯೇ, ನೀರು ಕಂಡರೂ ಬಿಗಿಯುವುದಿಲ್ಲ. ನೇರ ಬೆಂಕಿಯ ಮೇಲೆ ಬಾಣಲೆಯಲ್ಲಿ ಹುರಿಯುವವರಿಗೆ ಆಗುವ ನಷ್ಟ ಇದೇ: ತಳದ್ದು ಸತ್ತಿರುತ್ತದೆ, ಮೇಲಿನದು ಹಸಿಯಾಗಿರುತ್ತದೆ.

ಹುರಿದ ಪುಡಿಯನ್ನು ಮುಚ್ಚಿ ಆರಿಸಿ, ಒಣ ಹವೆಯಿರುವ ಕೋಣೆಯಲ್ಲಿ ಬಟ್ಟೆ ಮುಚ್ಚಿ ಒಂದು ದಿನ ಬಿಡಿ. ಹೊಸ ಪ್ಲಾಸ್ಟರ್ ಒಂದೊಂದು ಸಲ ಒಂದೊಂದು ವೇಗದಲ್ಲಿ ಬಿಗಿಯುವ ಚಂಚಲತೆ ಇದರಿಂದ ಇಳಿಯುತ್ತದೆ. ಆಮೇಲೆ 10ರಿಂದ 15 ನಿಮಿಷ ಮಿಲ್‌ನಲ್ಲಿ ತಿರುಗಿಸಿ ಗಂಟು ಒಡೆದು, ಕೆಲಸಕ್ಕೆ ಬೇಕಾದ ಜರಡಿ ಹಿಡಿದು, ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಹೆಸರು, ದಿನಾಂಕ, ಮೆಷ್ ಬರೆಯಿರಿ. ಹಸಿ ಪುಡಿಯೂ ಹುರಿದದ್ದೂ ನೋಡಲು ಒಂದೇ ರೀತಿ. ಅದಲುಬದಲಾದರೆ ಇಡೀ ಎರಕ ಹೋಗುತ್ತದೆ.

ಕಲಸಿ ಪರೀಕ್ಷಿಸುವುದು

100 ಗ್ರಾಂ ಪ್ಲಾಸ್ಟರಿಗೆ 70 ಮಿ.ಲೀ. ನೀರು. ಬಿಗಿಯಲು ರಾಸಾಯನಿಕವಾಗಿ ಬೇಕಾದದ್ದು 18.6 ಮಿ.ಲೀ. ಮಾತ್ರ, ಉಳಿದದ್ದು ಸುರಿಯುವ ಹದಕ್ಕೆ. ಯಾವಾಗಲೂ ನೀರಿಗೆ ಪುಡಿ ಉದುರಿಸಿ, ಪುಡಿಗೆ ನೀರು ಸುರಿಯಬೇಡಿ. ಉದುರಿಸಿ ಒಂದೆರಡು ನಿಮಿಷ ನೆನೆಯಲು ಬಿಟ್ಟು, ಗಾಳಿ ಸೇರದಂತೆ ತಳದಲ್ಲೇ ಒಂದು ನಿಮಿಷ ಕಲಸಿ ಸುರಿಯಿರಿ. ಸುಮಾರು ಹತ್ತು ನಿಮಿಷಕ್ಕೆ ಉಗುರಿನ ಗುರುತು ನಿಲ್ಲಬೇಕು, ಅರ್ಧ ಗಂಟೆಗೆ ಬೆಚ್ಚಗಾಗಿ ಗಟ್ಟಿಯಾಗಬೇಕು. ಬಿಗಿಯುವಾಗ ಇದು ಕುಗ್ಗದೆ ಕೂದಲೆಳೆಯಷ್ಟು ಹಿಗ್ಗುತ್ತದೆ. ಅಚ್ಚಿನ ಅತಿ ಸಣ್ಣ ಗೆರೆಯೂ ಮೂಡುವುದು ಈ ಗುಣದಿಂದ.

ಬೇಗ ಬಿಗಿಯುತ್ತಿದ್ದರೆ ಮೊದಲು ಪಾತ್ರೆ ನೋಡಿ. ಹಿಂದಿನ ಸಲದ ಪ್ಲಾಸ್ಟರಿನ ಒಂದು ಒಣ ಪದರ ಸಾಕು, ಅದೇ ಬೀಜವಾಗುತ್ತದೆ. ಪಾತ್ರೆ ಶುದ್ಧವಿದ್ದೂ ಹಾಗಾದರೆ ಕಿಲೋ ಪ್ಲಾಸ್ಟರಿಗೆ ಅರ್ಧ ಗ್ರಾಂ ಸಿಟ್ರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ. ಹೆಚ್ಚು ಹಾಕಿದರೆ ಬಲ ಕುಗ್ಗುತ್ತದೆ. ನಿಧಾನವಾಗಿದ್ದರೆ ಕಿಲೋಗೆ 5ರಿಂದ 10 ಗ್ರಾಂ ನುಣುಪು ಹಸಿ ಜಿಪ್ಸಂ ಸೇರಿಸಿ. ಒಣಗಿದ ಮೇಲೆ ಕೈಗೆ ಬಿಳಿ ಹತ್ತುತ್ತಿದ್ದರೆ ನೀರು ಹೆಚ್ಚಾಗಿದೆ, ಇಲ್ಲವೇ ಡಬ್ಬಿಯಲ್ಲೇ ಪುಡಿ ತೇವ ಕುಡಿದಿದೆ. ಎರಕವನ್ನು ಒಣಗಿಸುವಾಗಲೂ 45 ಡಿಗ್ರಿಯ ಮಿತಿ ನೆನಪಿರಲಿ. ಬೇಗ ಒಣಗಲೆಂದು ಬೆಂಕಿಯ ಬಳಿ ಇಟ್ಟರೆ ಅಂಚುಗಳು ಹರಳಿನ ನೀರು ಬಿಟ್ಟು ಮತ್ತೆ ಪುಡಿಯಾಗಿ ಉದುರುತ್ತವೆ.

ಪ್ಲಾಸ್ಟರಿನಲ್ಲಿ ಕೈ, ಕಾಲು, ಬೆರಳು ಹುದುಗಿಸಿ ಅಚ್ಚು ತೆಗೆಯುವ ಸಾಹಸ ಯಾರೂ ಮಾಡಬಾರದು. ದಪ್ಪನೆಯ ರಾಶಿ ಬಿಗಿಯುವಾಗ 60 ಡಿಗ್ರಿ ಮುಟ್ಟಬಲ್ಲದು. ಕೈ ಹೊರತೆಗೆಯಲಾಗದೆ ಆಳವಾದ ಸುಟ್ಟಗಾಯವಾಗಿ ಬೆರಳು ಕಳೆದುಕೊಂಡವರಿದ್ದಾರೆ. ಮಕ್ಕಳ ಜೊತೆ ಕೆಲಸ ಮಾಡುವವರು ಇದನ್ನು ಮೊದಲೇ ಹೇಳಿ. ತೊಳೆದ ನೀರನ್ನು ಸಿಂಕಿಗೆ ಬಿಡಬೇಡಿ, ಕೊಳವೆಯೊಳಗೇ ಬಿಗಿಯುತ್ತದೆ. ಬಕೆಟ್ಟಿನಲ್ಲಿ ತಳ ಕೂರಲು ಬಿಟ್ಟು, ತಿಳಿ ಚೆಲ್ಲಿ, ಗಟ್ಟಿಯನ್ನು ಒಣ ಕಸಕ್ಕೆ ಹಾಕಿ.

ಒಡೆದ ಹಳೆಯ ಎರಕಗಳನ್ನು ಮತ್ತೆ ಅರೆಯಬಹುದೇ? ಬಿಗಿದ ಪ್ಲಾಸ್ಟರ್ ಮತ್ತೆ ಜಿಪ್ಸಂ ಆಗಿರುವುದರಿಂದ, ಅರೆದು ಹುರಿದರೆ ಮತ್ತೊಮ್ಮೆ ಬಿಗಿಯುತ್ತದೆ. ಆದರೆ ಅದರ ಹರಳುಗಳು ಸಣ್ಣ ಸೂಜಿಗಳಾದ್ದರಿಂದ ನೀರು ಹೆಚ್ಚು ಬೇಡುತ್ತದೆ, ಬಲ ಕಡಿಮೆ. ಅಚ್ಚಿಗೆ ಹಚ್ಚಿದ ಸಾಬೂನು, ಎಣ್ಣೆ, ಬಣ್ಣದ ಪದರವನ್ನು ಕೆರೆದು ತೆಗೆದು, ಒಳಪದರಕ್ಕೆ ಹೊಸ ಪ್ಲಾಸ್ಟರಿನ ಜೊತೆ ನಾಲ್ಕನೇ ಒಂದು ಪಾಲು ಮೀರದಂತೆ ಬೆರೆಸಿ. ಗೋಡೆ, ಚಾವಣಿಯ ಜಿಪ್ಸಂ ಹಲಗೆಯ ಚೂರುಗಳನ್ನು ಮಾತ್ರ ಈ ಕೆಲಸಕ್ಕೆ ತರಬೇಡಿ. ಅದರಲ್ಲಿ ಕಾಗದ, ಗಾಜಿನ ನಾರು, ನೊರೆ ಬರಿಸುವ ರಾಸಾಯನಿಕಗಳಿವೆ. ಜರಡಿ ಹಿಡಿದರೂ ಅವು ಪೂರ್ತಿ ಬೇರ್ಪಡುವುದಿಲ್ಲ, ಮೇಲ್ಪದರದಲ್ಲಿ ಕೂದಲಿನಂತೆ ಎದ್ದು ನಿಲ್ಲುತ್ತವೆ.